‘ಹೋಗಿ ಬನ್ನಿ’ ಅಂದ ಮಂತ್ರವಾದಿ

...ನಗಬೇಡಿ ಮಾಲತಿಯವರೇ! ಇವತ್ತು ಸನ್ಮಾನದಲ್ಲಿ ಆ ಮಡಿಕೇರಿ ಹುಡುಗರು ನಕ್ಕಿದ್ದೇ ಸಾಕು. ಶಾಲು ಹೊದಿಸ್ತಾ ಒಬ್ಬ ನನ್ನ ಕಿವಿಯಲ್ಲಿ ಎಂಥ ಹೇಳ್ದ ಗೊತ್ತಾ? “ಬೆಳ್ಳಿಯಪ್ಪಣ್ಣ, ಒಂದ್ಸಲ ‘ಹೋಗಿ ಬನ್ನಿ’ ಅನ್ನಿ, ರೀಲ್ಸ್ ಮಾಡ್ಕೊತೀವಿ!” ಜೀವಮಾನವೆಲ್ಲ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್ ಕೆಲಸ ಮಾಡಿದೆ, ಒಬ್ರೂ ಶಾಲು ಹೊದಿಸ್ಲಿಲ್ಲ. ಎಷ್ಟೋ ವರ್ಷದ ಹಿಂದೆ ಒಂದೇ ಒಂದು ಸಿನಿಮಾದಲ್ಲಿ ಮಂತ್ರವಾದಿ ಆದೆ... ಅದೂ ಬರಬೇಕಾದ ನಟ ಕೈಕೊಟ್ಟ ಅಂತ!

ಕಾಫಿ ಕುಡೀರಿ, ಆರಿ ಹೋಗುತ್ತೆ. ನಿಮ್ಮ ತವರಿಗೆ ಹೋಗೋ ವಿರಾಜಪೇಟೆ ಬಸ್ಸಿಗೆ ಇನ್ನೂ ಹೊತ್ತಿದೆ. ಕಾಫಿಗೆ ಅಂತ ದಾರಿ ಮಧ್ಯೆ ಮೂರ್ನಾಡಲ್ಲಿ ಇಳಿಸಿಕೊಂಡೆ ಅಂತ ಬೇಜಾರಿಲ್ಲ ತಾನೇ?

ಯಾಕೆ ಕತ್ತು ಮುಟ್ಕೊಂಡ್ರಿ? ಹ್ಞಾಂ, ಇರುವೆ! ಶೂಟಿಂಗಲ್ಲಿ ರಕ್ತ ಅಂತ ಬೀಟ್ರೂಟಿಗೆ ಬೆಲ್ಲ ಕಲಸಿ ನಿಮ್ಮ ಕತ್ತಿಗೆ ಬಳಿದಿದ್ರಲ್ಲ! ತನ್ನನ್ನ ಕೊಂದ ಸಾಹುಕಾರನ ರಕ್ತ ಹೀರೋಕೆ ಎದ್ದು ಬಂದ ಮದುಮಗಳು... ಇರುವೆ ಕಚ್ಚಿ ಕಾಫಿ ಗಿಡದ ಮಧ್ಯೆ ಕುಣೀತಿದ್ದಾಳೆ! ಜನ ಅದನ್ನೇ ಪಿಶಾಚಿ ನಾಟ್ಯ ಅಂದ್ಕೊಂಡ್ರು. ಅಯ್ಯೋ ದೇವ್ರೇ...

ಯಾರಾದ್ರೂ ‘ಬಾ’ ಅನ್ನೋ ತನಕ ಪಿಶಾಚಿ ಹೊಸಲು ದಾಟಬಾರ್ದು. ಇಡೀ ಕತೆಗೆ ಅದೊಂದೇ ನಿಯಮ. ಕೊನೇ ಸೀನಲ್ಲಿ ನಾನು ಬೂದಿ ಎರಚಿ “ತೊಲಗು!” ಅನ್ಬೇಕು. ಅಂದಿದ್ದೇನು? “ಹೋಗಿ ಬನ್ನಿ!” ಪಿಶಾಚಿಗೆ ಬಹುವಚನ ಬೇರೆ! ನೀವೇನು ಕಮ್ಮಿನಾ? ಸುಮ್ನೆ ಹೋಗೋದು ಬಿಟ್ಟು, ಗಕ್ಕನೆ ತಿರುಗಿ ಬಂದು ಸಾಹುಕಾರನ ಕತ್ತಿಗೆ ಬಾಯಿ ಹಾಕಿಬಿಟ್ರಿ! ರೇಣುಕಪ್ರಸಾದ್ ಡೈರೆಕ್ಟರು ತಲೆ ಚಚ್ಚಿಕೊಂಡ್ರು. ಹೊರಟು ನಿಂತವರಿಗೆ ಬರೀ ‘ಹೋಗಿ’ ಅಂತ ನಮ್ಮಲ್ಲಿ ಯಾರು ಹೇಳ್ತಾರೆ, ನೀವೇ ಹೇಳಿ. ಅಭ್ಯಾಸಬಲ. ನಾಲಿಗೆ ತಪ್ಪಿತು, ಅಷ್ಟೇ.

ಯಾಕೆ ಹಾಗೆ ನೋಡ್ತೀರಿ? ನಾಲಿಗೆ ತಪ್ಪಿತು ಅಂದ್ನಲ್ಲ...

ಲೋಟ ಯಾಕೆ ಕೆಳಗಿಟ್ರಿ? ನಗ್ತಾ ಇದ್ರಲ್ಲ, ಈಗೆಂಥ ಆಯ್ತು?

ಓ... ಡಬ್ಬಿಂಗು.

ಹೌದು, ನೀವೂ ಅಲ್ಲೇ ಇದ್ರಿ. ಕಿರುಚೋ ಸರದಿಗೆ ಕಾಯ್ತಾ, ನನ್ನ ಪಕ್ಕದಲ್ಲೇ. ಡೈರೆಕ್ಟರು ಎಷ್ಟು ಸಲ ಗೋಗರೆದ್ರು... “ತೊಲಗು ಅನ್ನಪ್ಪ ಬೆಳ್ಳಿಯಪ್ಪ, ಈಗ್ಲಾದ್ರೂ ಸರಿಮಾಡ್ಕೊಳ್ಳೋಣ.” ಶೂಟಿಂಗಲ್ಲಿ ತಪ್ಪಬಹುದು ನಾಲಿಗೆ. ಕೂರಿಸಿ ಹೇಳಿಸಿದ್ರೂ ತಪ್ಪುತ್ತಾ? ಸಲಸಲಕ್ಕೂ ತಪ್ಪುತ್ತಾ, ಮಾಲತಿಯವರೇ?

ಅಷ್ಟೊತ್ತಿಗೆ ನಿಮ್ಮ ಮದುವೆ ಗೊತ್ತಾಗಿತ್ತು. ಶಿವಮೊಗ್ಗಕ್ಕೆ ಹೊರಟ್ರು ಅಂತ ಎಲ್ರ ಬಾಯಲ್ಲೂ ಅದೇ ಮಾತು. ತೊಲಗು ಅಂತ ಹ್ಯಾಗೆ ಅನ್ಲಿ ನಾನು? ಸುಳ್ಳಿಗಾದ್ರೂ ಹ್ಯಾಗೆ ಅನ್ಲಿ?

ಬೇಡ, ಉತ್ತರ ಕೊಡ್ಬೇಡಿ. ಮನೆಯಲ್ಲಿ ಮಾತಾಡೋಕೆ ಯಾರೂ ಇಲ್ಲ ನೋಡಿ, ಊಟ ಆದ್ಮೇಲೆ ಮೊಬೈಲಲ್ಲಿ ಆ ಸಿನಿಮಾ ಹಾಕ್ಕೊಂಡು ಕೂರ್ತೀನಿ. ಜನಕ್ಕೆಲ್ಲ ಸಾಹುಕಾರ ಸಾಯೋದು ನೋಡ್ಬೇಕು. ನಂಗೆ ಅದು ಬೇಡ. ನೀವು ತಿರುಗಿ ಬಂದು ಹೊಸಲ ಮೇಲೆ ನಿಲ್ತೀರಲ್ಲ... ಅಲ್ಲೀವರೆಗೆ ನೋಡ್ತೀನಿ. ಆಮೇಲೆ ಆಫ್ ಮಾಡಿ ಮಲಗ್ತೀನಿ.