ಗೋಡೆಗೆ ನೆರಳಿಲ್ಲದ ಮಧ್ಯಾಹ್ನ

ನಾಳೆ ಮಧ್ಯಾಹ್ನ ನಿಮ್ಮ ಅಂಗಳದಲ್ಲಿ ಒಂದು ಒನಕೆಯನ್ನು ನೆಟ್ಟಗೆ ನಿಲ್ಲಿಸಿ ನೋಡಿ. ಹನ್ನೆರಡೂವರೆಗೆ ಐದು ನಿಮಿಷ ಇರುವಾಗ ಅದಕ್ಕೆ ನೆರಳೇ ಇರುವುದಿಲ್ಲ. ನಮ್ಮ ಸೀಮೆಯಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡೇ ಸಲ. ಮೇ ತಿಂಗಳ ಮೊದಲ ವಾರದಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ. ಆಗಸ್ಟಿನದು ಮೋಡದ ಪಾಲು. ನಮಗೆ ದಕ್ಕುವುದು ಇದೊಂದೇ. ಹಬ್ಬವಿಲ್ಲ, ರಜೆಯಿಲ್ಲ, ಕ್ಯಾಲೆಂಡರಿನಲ್ಲಿ ಕೆಂಪು ಅಂಕಿಯೂ ಇಲ್ಲ. ಆದರೂ ಈ ದಿನ ಒಂದು ಮನೆಯನ್ನು ಉಳಿಸಿತು. ಕೇಳಿ.

ಒಂದು ಊರು, ಅಲ್ಲೊಬ್ಬ ಶ್ರೀಮಂತ. ಯಾವ ಊರು ಎಂದು ಕೇಳಬೇಡಿ. ಕೇಳಿದರೆ ನಿಮ್ಮದೇ ಎಂದುಬಿಟ್ಟೇನು. ಅವನ ತಂದೆ ಗೌಂಡಿ, ಊರಿನ ಅರ್ಧ ಮನೆಗಳನ್ನು ಕಟ್ಟಿದವನು. ದೊಡ್ಡ ಮಗನಾದ ಇವನು ಹತ್ತಿಯ ವ್ಯಾಪಾರದಲ್ಲಿ ಮೇಲೆ ಬಂದ, ಚಿಕ್ಕವನು ಹೊಲಿಗೆ ಯಂತ್ರ ಹಾಕಿಕೊಂಡ. ತಂದೆ ತೀರಿದ ಮೇಲೆ ಮನೆ ಪಾಲಾಯಿತು. ದಕ್ಷಿಣದ ಪಾಲು ಅಣ್ಣನಿಗೆ, ಉತ್ತರದ ಪಾಲು ತಮ್ಮನಿಗೆ. ಮರುವಾರವೇ ಜಗಳ. ಯಾತಕ್ಕೆ? ತಮ್ಮನ ಆಡು ಅಣ್ಣನ ಕರಿಬೇವಿನ ಗಿಡ ಮೇಯಿತು. ಆಡು ಎಂದೋ ಮರೆತಿತು, ಇವರು ಮರೆಯಲಿಲ್ಲ.

ಅಣ್ಣ ನಡುವೆ ಗೋಡೆ ಎಬ್ಬಿಸಿದ. ಕೆಲಸದವರು ಗೋಡೆ ನೆಟ್ಟಗಿದೆಯೇ ಎಂದು ದಾರಕ್ಕೆ ಕಟ್ಟಿದ ತೂಗುಗುಂಡು ಬಿಟ್ಟು ನೋಡೋಣ ಎಂದರೆ, “ಗೌಂಡಿ ಮಗಾ ಅದೀನಿ, ನನಗ ಗುಂಡು ಬೇಕೇನಲೇ?” ಎಂದ. ಎರಡೇ ದಿನದಲ್ಲಿ ಎಂಟಡಿ ಗೋಡೆ! ಸಿಟ್ಟಿನಲ್ಲಿ ಕೆಲಸ ಎಷ್ಟು ಬೇಗ ಆಗುತ್ತದೆ ನೋಡಿ.

ಆರು ವರ್ಷ ಮಾತಿಲ್ಲ. ತಾಯಿ ಹದಿನೈದು ದಿನ ಇವನಲ್ಲಿ, ಹದಿನೈದು ದಿನ ಅವನಲ್ಲಿ. ಎಂಬತ್ತರ ಮುದುಕಿ, ಹೋಳಿಗೆ ಎಂದರೆ ಪ್ರಾಣ. ಅಂಥವಳು ಹಟ ಹಿಡಿದಳು: “ಇಬ್ಬರೂ ಒಂದ ಪಂಕ್ತ್ಯಾಗ ಕುಂತು ಉಣ್ಣೂತನಕ ನಾ ಹೋಳಿಗಿ ಮುಟ್ಟೂದಿಲ್ಲ.” ಆರು ಯುಗಾದಿ ಕಳೆದವು. ಎರಡೂ ಮನೆಯಲ್ಲಿ ಹೋಳಿಗೆ ಬೆಂದವು. ಮುದುಕಿ ವಾಸನೆ ಕುಡಿದು ಸುಮ್ಮನಾದಳು.

ಏಳನೆಯ ಯುಗಾದಿಗೆ ಸಂಡಿಗೆ ಒಣಗಿಸುವ ಹೊತ್ತು. ತಮ್ಮನ ಹೆಂಡತಿ ಗೋಡೆಯಾಚೆಯಿಂದಲೇ ಕೂಗಿದಳು: “ಭಾವಾರ, ನಿಮ್ಮ ಗ್ವಾಡಿ ನೆಳ್ಳಿಗೆ ನನ್ನ ಸಂಡಿಗಿ ಒಣಗವಲ್ವು ನೋಡ್ರಿ!”

“ಹೇಳ್ಕೋ ಹೋಗವ್ವಾ, ಸೂರ್ಯಗ!”

ತಾಯಿ ಒಳಗಿನಿಂದ ಬಂದಳು. “ಹೋಗಲಿ, ಹಬ್ಬದ ದಿವ್ಸ ಒಂದ ತುತ್ತು ಅವನ ಮನ್ಯಾಗ ಉಂಡ ಬಾರೋ.”

ಅಣ್ಣ ಎದೆ ಸೆಟೆಸಿ ಹೇಳಿದ: “ಬರ್ತೀನವ್ವಾ. ಬಿಸಿಲು ಇರಬೇಕು, ಗ್ವಾಡಿ ನಿಂತಿರಬೇಕು, ನೆಳ್ಳು ಮಾತ್ರ ಆ ಕಡೀಗೂ ಬೀಳಬಾರ್ದು, ಈ ಕಡೀಗೂ ಬೀಳಬಾರ್ದು. ಅಂಥಾ ದಿವ್ಸ ಬಂದ್ರ ಉಣ್ಣಾಕ ಹೋಗ್ತೀನಿ!”

“ಮಾತಿಗೆ ತಪ್ಪೂದಿಲ್ಲಲಾ?”

“ದೇವರಾಣಿ.”

“ಹಂಗಾರ ಇನ್ನ ಒಂದ ತಿಂಗಳು ಐತಿ,” ಎಂದಳು ಮುದುಕಿ. “ಬ್ಯಾಳಿ ತರಾಕ ಹೇಳ್ತೀನಿ. ನಿನ್ನ ತಮ್ಮನ ಅಂಗಳದಾಗಿನ ಕಂಬ ನಿಲ್ಲಿಸಿದ್ದು ಅದ ಮಧ್ಯಾಹ್ನ. ನೆಳ್ಳು ಕಾಲಡಿ ಸೇರಿದ್ರ ಕಂಬ ನೆಟ್ಟಗ ಐತಿ ಅಂತ ನಿಮ್ಮಪ್ಪ ನೋಡ್ತಿದ್ದ.”

ಅಣ್ಣನ ಮುಖ ಇಳಿಯಿತು. ಆದರೆ ಆಣೆ ಬಾಯಿಂದ ಹೊರಗೆ ಬಂದಾಗಿತ್ತು.

ಆ ದಿನ ಬಂತು. ತಮ್ಮನ ಅಂಗಳದಲ್ಲಿ ಓಣಿಯೇ ನೆರೆಯಿತು. ಅಣ್ಣ ಮಾತ್ರ ಒಳಗೆ ಬರಲಿಲ್ಲ. ತನ್ನ ಕಡೆ ಏಣಿ ಹಾಕಿ ಗೋಡೆಯ ಮೇಲಿಂದ ಇಣುಕಿದ. ಸೂರ್ಯ ನೆತ್ತಿಗೆ ಬಂದ. ಒನಕೆಗೆ ನೆರಳಿಲ್ಲ. ತಂದೆಯ ಕಂಬಕ್ಕೆ ನೆರಳಿಲ್ಲ. ಗೋಡೆಗೆ? ತಮ್ಮನ ಕಡೆ ನಾಲ್ಕು ಬೆರಳು ನೆರಳು!

“ಐತಿ! ನೆಳ್ಳೈತಿ! ಊಟ ಇಲ್ಲ!” ಅಣ್ಣ ಏಣಿಯ ಮೇಲೆ ಕುಣಿದ. ಒಳಗೆ ಹೋಳಿಗೆ ತಟ್ಟುತ್ತಿದ್ದವರ ಕೈ ನಿಂತಿತು.

ಮುದುಕಿ ಗಾಬರಿಯಾಗಲಿಲ್ಲ. ಸೆರಗಿನ ಗಂಟು ಬಿಚ್ಚಿ, ಗಂಡನ ತೂಗುಗುಂಡು ತೆಗೆದು, ಮೇಲಕ್ಕೆ ಕೊಟ್ಟಳು. “ಕಂಬಕ್ಕಿಲ್ಲದ ನೆಳ್ಳು ನಿನ್ನ ಗ್ವಾಡಿಗೆ ಹ್ಯಾಂಗ ಬಂತೋ? ಬಿಡು, ನೋಡೂಣು.”

ಅವನು ಗೋಡೆಯ ತುದಿಯಿಂದ ದಾರ ಇಳಿಬಿಟ್ಟ. ಗುಂಡು ತೂಗಾಡಿ, ನಿಂತಿತು. ಎಲ್ಲಿ? ಗೋಡೆಯ ಬುಡದಿಂದ ನಾಲ್ಕು ಬೆರಳು ಆಚೆ, ಸರಿಯಾಗಿ ನೆರಳಿನ ಅಂಚಿಗೆ.

“ಗೌಂಡಿ ಮಗಾ ಗ್ವಾಡಿ ಡೊಂಕ ಕಟ್ಯಾನಲ್ಲೋ!” ಓಣಿ ಬಿದ್ದು ಬಿದ್ದು ನಕ್ಕಿತು. ಅಣ್ಣ ನಗಲಿಲ್ಲ. ತಂದೆಯ ಕೈಯ ಎಣ್ಣೆ ಹೀರಿ ಕಪ್ಪಾಗಿದ್ದ ಆ ದಾರವನ್ನೇ ನೋಡುತ್ತಿದ್ದ.

ಆಗ ತಮ್ಮನ ಹೆಂಡತಿ, ಕೈಯಲ್ಲಿ ಕಣಕ ಮೆತ್ತಿಕೊಂಡೇ ಬಂದವಳು, ಮೆಲ್ಲಗೆ ಹೇಳಿದಳು: “ಭಾವಾರ, ಆರು ವರ್ಷದಿಂದ ಗ್ವಾಡಿ ನಮ್ಮ ಕಡೇನ ವಾಲೇತ್ರಿ. ಗ್ವಾಡಿಗಾದ್ರೂ ನಮ್ಮ ಮನಿಗೆ ಬರೋ ಮನಸೈತಿ. ನಿಮಗಿಲ್ಲೇನ್ರಿ?”

ಅಣ್ಣ ಒಂದು ಕಾಲು ಗೋಡೆಯ ಮೇಲೆ ಹಾಕಿದ. ಸ್ಥೂಲ ದೇಹ, ಅತ್ತ ಒಂದು ಕಾಲು, ಇತ್ತ ಒಂದು ಕಾಲು, ನಡುವೆ ಸಿಕ್ಕಿಕೊಂಡ.

“ಬಾಗಲದಿಂದ ಬಾರೋ ಅಣ್ಣಾ!” ಎಂದ ತಮ್ಮ. ಆರು ವರ್ಷದಲ್ಲಿ ಮೊದಲ ಮಾತು.

“ಓಣಿ ಸುತ್ತಿ ಬರೂದರಾಗ ಮನಸು ತಿರಗತೈತಿ! ಹಿಡೀಯೋ ಲಗೂ!”

ತಮ್ಮ ಹಿಡಿದ. ಇಬ್ಬರೂ ಸಂಡಿಗೆಯ ಮೇಲೆ ಬಿದ್ದರು. ಮುದುಕಿ ಅಂದು ಐದು ಹೋಳಿಗೆ ತಿಂದಳು. ಆರನೆಯದಕ್ಕೆ ಕೈ ಚಾಚಿದಾಗ ಇಬ್ಬರು ಮಕ್ಕಳೂ ಒಟ್ಟಿಗೆ ಬೇಡ ಎಂದರು. ಅದೇ ಅವರ ಮೊದಲ ಒಮ್ಮತ.

ನಗುತ್ತಿದ್ದೀರಿ. ನಗಿ. ಆದರೆ ನೋಡಿ, ಆ ಶ್ರೀಮಂತ ಯಾರು? ನೆರಳು ಕಂಡಾಗ ನಾವೆಲ್ಲ ಬೈಯುವುದು ಸೂರ್ಯನನ್ನು. ತಮ್ಮ ಸರಿಯಿಲ್ಲ, ನಾದಿನಿ ಸರಿಯಿಲ್ಲ, ಕಾಲ ಸರಿಯಿಲ್ಲ. ನಮ್ಮ ಗೋಡೆಗೆ ಎಂದಾದರೂ ಗುಂಡು ಬಿಟ್ಟು ನೋಡಿದ್ದೇವೆಯೇ? ಆಕಾಶ ತನ್ನ ಮಾತಿಗೆ ತಪ್ಪಿಲ್ಲ. ಗೌಂಡಿ ಕಂಬ ನಿಲ್ಲಿಸಿದ ದಿನ ಎಲ್ಲಿಗೆ ಬಂದಿತ್ತೋ, ನಾಳೆಯೂ ಸೂರ್ಯ ಅಲ್ಲಿಗೇ ಬರುತ್ತಾನೆ. ನೆರಳು ಉಳಿದರೆ ಡೊಂಕು ನಮ್ಮದು.

ಇನ್ನೊಂದು ಮಾತು. ನನಗೂ ಒಬ್ಬ ಅಣ್ಣನಿದ್ದ. ಸಣ್ಣದೊಂದು ಮುನಿಸಿತ್ತು, ಶ್ರಾವಣ ಬರಲಿ, ಹೋಗಿ ಕಾಲು ಹಿಡಿಯುತ್ತೇನೆ ಎಂದುಕೊಂಡಿದ್ದೆ. ಶ್ರಾವಣ ಬಂತು. ಅಣ್ಣ ಇರಲಿಲ್ಲ.

ಆದ್ದರಿಂದ ನೀವು ಶ್ರಾವಣಕ್ಕೆ ಕಾಯಬೇಡಿ, ದೀಪಾವಳಿಗೆ ಕಾಯಬೇಡಿ. ಮಾತು ಬಿಟ್ಟವರ ಮನೆಗೆ ನಾಳೆ ಮಧ್ಯಾಹ್ನ ಹೋಗಿ. ಕರೆಯಲಿ ಎಂದು ನೋಡಬೇಡಿ. “ಹಸಿವಾಗಿದೆ, ಎಲೆ ಹಾಕು” ಎನ್ನಿ. ನಾಳೆ ಈ ಮಠದಲ್ಲಿ ಪ್ರಸಾದ ಮಾಡಿಸುತ್ತಿಲ್ಲ. ಅಡುಗೆಯವರಿಗೆ ಈಗಾಗಲೇ ಹೇಳಿಬಿಟ್ಟಿದ್ದೇನೆ. ನಾಳೆ ಇಲ್ಲಿ ಯಾರಿಗೂ ಊಟ ಸಿಗುವುದಿಲ್ಲ.