ಕುಲುಕದ ಸೀಟು

“ತೊಡೆಯ ಮೇಲೆ ಹಾಲಿಗೆ ಹೆಪ್ಪು ಹಾಕಿ ಇಟ್ಟುಕೊಂಡಿದ್ದೆ ಶಶಿಯಣ್ಣ. ಚಾರ್ಮಾಡಿ ಘಾಟಿ ಇಡೀ ಇಳಿದು ಕಕ್ಕಿಂಜೆಗೆ ಬರುವಾಗ ಗಟ್ಟಿ ಮೊಸರು! ಒಂದು ಬಿರುಕಿಲ್ಲ.”

ಫರಂಗಿಪೇಟೆಯ ಹೋಟೆಲಿನಲ್ಲಿ ರಿಷಭ ನಿಂತುಕೊಂಡೇ ಚಹಾ ಹೀರುತ್ತ ಹೇಳಿದಾಗ ಪಕ್ಕದ ಮೇಜಿನವರೂ ತಿರುಗಿ ನೋಡಿದರು. ಅವನು ಓಡಿಸುವ ಹೊಸ ಬಸ್ಸಿನಲ್ಲಿ ಡ್ರೈವರನ ಸೀಟಿನ ಅಡಿ ಮೋಟಾರು ಉಂಟಂತೆ. ರಸ್ತೆ ಎಷ್ಟು ಕುಲುಕಿದರೂ ಅದು ತಾನೇ ಏರಿಳಿದು, ಕುಳಿತವನನ್ನು ಅಲುಗಾಡಲು ಬಿಡುವುದಿಲ್ಲವಂತೆ. ಹಿರಿಯ ಡ್ರೈವರಾದ ತನಗೇ ಆ ಬಸ್ಸು ಸಿಗಬೇಕಿತ್ತು ಎಂಬ ಸಂಕಟಕ್ಕೆ ಶಶಿಕಿರಣನಿಗೆ ಚಹಾ ಕಹಿಯಾಯಿತು.

“ನನ್ನ ಸೀಟಿನಲ್ಲಿ ಕೂತರೆ ಬೆನ್ನುಮೂಳೆ ಕುತ್ತಿಗೆಗೆ ಬರ್ತದೆ.”

“ನನಗೆ ಬೆನ್ನು ಉಂಟು ಅಂತಲೇ ಮರೆತುಹೋಗಿದೆ ಅಣ್ಣ.”

“ಮರೆತದ್ದು ಸಾಕು. ಧಣಿಗಳ ಹತ್ತಿರ ಮಾತಾಡಿದ್ದೇನೆ. ನಾಳೆಯಿಂದ ನಿನ್ನ ಬಸ್ಸು ನನಗೆ, ನನ್ನದು ನಿನಗೆ.”

“ನಾಳೆ ಯಾಕೆ? ಈಗಲೇ ಕೀ ತಗೊಳ್ಳಿ!”

ಕೀಗೆ ಚಾಚಿದ ಶಶಿಕಿರಣನ ಕೈ ಅಲ್ಲೇ ನಿಂತಿತು.

“ಇಷ್ಟು ಬೇಗ ಕೊಡ್ತಿಯಾ? ಬಂದಾಗಿನಿಂದ ನಿಂತೇ ಇದ್ದಿಯಲ್ಲ. ಒಮ್ಮೆ ಕೂತ್ಕೊ, ನೋಡುವ.”

ರಿಷಭ ಬೆಂಚಿನ ಕಡೆ ಮೆಲ್ಲನೆ ಬಗ್ಗಿದವನು ಅರ್ಧದಲ್ಲೇ “ಅಯ್ಯಮ್ಮಾ!” ಎಂದು ಸೊಂಟ ಹಿಡಿದುಕೊಂಡ.

“ಎಂತ ಮಾರಾಯ ಇದು?”

“ಮೋಟಾರು ಕೆಟ್ಟು ತಿಂಗಳಾಯ್ತು ಅಣ್ಣ. ಈಗ ನಿಮ್ಮ ಸೀಟಿಗಿಂತ ಜೋರು ಕುಟ್ತದೆ.”

“ಮತ್ತೆ ಮೊಸರು?”

“ಮೊಸರೂ ಇಲ್ಲ, ಮಜ್ಜಿಗೆಯೂ ಇಲ್ಲ. ನಿಮ್ಮ ಹೊಟ್ಟೆ ಉರಿಯುವುದು ನೋಡಿದರೆ ನನ್ನ ಸೊಂಟನೋವು ಸ್ವಲ್ಪ ಕಡಿಮೆ ಆಗ್ತದೆ. ಅದಕ್ಕೇ ಹೇಳಿದ್ದು.”

ಇಬ್ಬರೂ ಸೊಂಟಕ್ಕೆ ಕೈಕೊಟ್ಟುಕೊಂಡು ತಮ್ಮ ತಮ್ಮ ಬಸ್ಸಿನ ಕಡೆ ನಡೆದರು.