ಗೋಡೆಯ ಮೇಲೆ ಬರೆದ ಕಿಟಕಿ

ಆ ಸಂಜೆ ಮಳೆ ಬಿಡುವ ಲಕ್ಷಣವಿರಲಿಲ್ಲ. ಮಾರ್ಕೋಟ್ ಮಹಲಿನ ಅಡುಗೆಮನೆಯಲ್ಲಿ ಕೆಲಸದ ಹುಡುಗಿಯರೆಲ್ಲ ಒಲೆಯ ಸುತ್ತ ಸೇರಿದ್ದರು. ಬೆಳಿಗ್ಗೆಯಷ್ಟೇ ತಾಯಿಯನ್ನು ಗೇಟಿನಿಂದಲೇ ಸಾಗಹಾಕಿ ಕೆಲಸಕ್ಕೆ ಸೇರಿದ್ದ ಹೆಟ್ಟಿ, ಮಹಡಿಯ ಕೊನೆಯ ಕಿಟಕಿಯನ್ನು ಒಳಗಿನಿಂದ ಒರೆಸಲು ಹೋಗಿ, ಕೋಣೆಯಲ್ಲಿ ಕಿಟಕಿಯೇ ಸಿಗದೆ ಬೈಸಿಕೊಂಡಿದ್ದಳು. ಅದನ್ನು ಕೇಳಿ ಅಡುಗೆಯ ಡಾರ್ಕಸ್ ಅಜ್ಜಿ ನಕ್ಕಳು.

“ಸಿಗೋದೆಲ್ಲಿಂದ ಕಣೆ? ಅದು ಇಟ್ಟಿಗೆ ಮೇಲೆ ಬಣ್ಣದಲ್ಲಿ ಬರೆದಿರೋ ಕಿಟಕಿ. ಕೂತ್ಕೊ, ಹೇಳ್ತೀನಿ. ನಡುವೆ ಯಾರಾದ್ರೂ ಬಾಯಿ ಹಾಕಿದ್ರೆ ಎದ್ದು ಹೋಗ್ತೀನಿ, ಅಷ್ಟೆ.

“ಈಗಿನ ಯಜಮಾನರ ಮುತ್ತಜ್ಜ ಆಂಬ್ರೋಸ್ ಗಾರ್ಲೆಂಡ್... ಅವನಮ್ಮ, ಕೆಜಾಯ ಅಂತ, ಹಾಲು ಕರೆದು, ಬೆಣ್ಣೆ ಮಾರಿ ಅವನನ್ನ ಓದಿಸಿದೋಳು. ಉಣ್ಣೆ ವ್ಯಾಪಾರ ಕೈಹತ್ತಿ ಈ ಮನೆ ಕೊಂಡ. ಆಗ ಇದು ಮರದ ತೊಲೆಗಳ ಸೊಟ್ಟ ಮನೆ. ಅದಕ್ಕೆ ಮುಂದುಗಡೆ ಈ ಇಟ್ಟಿಗೆ ಗೋಡೆ ಹೊದಿಸಿದ. ಬಾಗಿಲ ಆ ಕಡೆ ಎಷ್ಟು ಕಿಟಕಿಯೋ ಈ ಕಡೆನೂ ಅಷ್ಟೇ, ಗೆರೆ ಎಳೆದಂಗೆ. ಅಮ್ಮನ ಕೋಣೆ ಕಿಟಕಿ ಮಾತ್ರ ಸಾಲಿಗೆ ಬರ್ಲಿಲ್ಲ. ಸಾಲು ಬರೀ ನೆವ ಬಿಡಿ... ಮುದುಕಿ ತೋಳೇರಿಸ್ಕೊಂಡು ಅಲ್ಲಿ ಬಟಾಣಿ ಸುಲೀತಾ, ಗಾಡೀಲಿ ಬರೋ ದೊಡ್ಡ ಮನುಷ್ಯರಿಗೆಲ್ಲ ಕೈ ಬೀಸೋಳು. ಇವನಿಗೆ ನಾಚಿಕೇಲಿ ಜೀವ ಹೋದಂಗಾಗೋದು. ಕಿಟಕಿ ಮುಚ್ಚಿಸಿ, ಸಾಲಿಗೆ ಸರಿಯಾಗಿ ಹೊರಗಡೆ ಗಾಜು, ಪರದೆ ಎಲ್ಲ ಬಣ್ಣದಲ್ಲಿ ಬರೆಸಿದ. ‘ಮನೆ ಚೆಂದ ಕಾಣ್ಬೇಕಲ್ಲಮ್ಮ’ ಅಂದ. ‘ಆಗ್ಲಪ್ಪ, ಈ ವಯಸ್ಸಲ್ಲಿ ನಂಗೇನು ನೋಡೋದಿದೆ’ ಅಂದ್ಲು ಅವಳು. ಕತ್ತಲಲ್ಲೇ ಕೂತು, ಆ ಚಳಿಗಾಲ ಕಳೆಯೋಕೆ ಮುಂಚೆ ತೀರಿಹೋದ್ಲು.

“ಬೇಸಿಗೇಲಿ ಸರ್ ಮೈಲ್ಸ್ ಅನ್ನೋ ದೊಡ್ಡ ಮನುಷ್ಯರು ತಮ್ಮ ಮಗಳನ್ನ ಇವನಿಗೆ ಕೊಡೋ ಮಾತಾಡೋಕೆ ಬಂದ್ರು. ಗಾಡಿ ಇಳಿದೋರೇ ಮೇಲೆ ನೋಡಿ ಟೋಪಿ ತೆಗೆದ್ರು. ‘ಆ ಕಿಟಕೀಲಿ ಕೈ ಬೀಸ್ತಿರೋ ಅಜ್ಜಿ ಯಾರು?’ ಅಂದ್ರು. ಆಂಬ್ರೋಸ್ ತಲೆ ಎತ್ತಿದ. ಬರೆದ ಗಾಜಿನ ಹಿಂದೆ ಅವನಮ್ಮ, ತೋಳೇರಿಸ್ಕೊಂಡು, ನಗ್ತಾ... ನಮ್ಮಮ್ಮ ಅನ್ನೋಕೆ ಎಷ್ಟು ಹೊತ್ತು ಬೇಕು ಹೇಳಿ? ಅವನು ‘ಯಾರೋ ಕೆಲಸದೋಳು’ ಅಂದ.

“ಈ ಮನೇಲಿ ಯಜಮಾನರು ಎದುರಿಗೆ ಬಂದ್ರೆ ಕೆಲಸದೋರು ಏನ್ಮಾಡ್ಬೇಕೇ, ಹೆಟ್ಟಿ?”

“ಗೋಡೆ ಕಡೆ ಮುಖ ತಿರುಗಿಸಿ ನಿಲ್ಬೇಕು,” ಎಂದಳು ಹೆಟ್ಟಿ. ಬೆಳಿಗ್ಗೆ ಅವಳಿಗೆ ಮೊದಲು ಕಲಿಸಿದ್ದೇ ಅದು.

“ಅವಳೂ ಹಂಗೇ ತಿರುಗಿ ನಿಂತ್ಲು. ಅವನ ಮದುವೆ ಆಯ್ತು, ಮಕ್ಕಳಾದ್ವು. ಆದ್ರೆ ದಿನಾ ಹೊರಗಡೆ ಹುಲ್ಲಿನ ಮೇಲೆ ನಿಂತು, ಹೆಂಡತಿ ಎದುರಿಗೆ, ಆಳುಗಳ ಎದುರಿಗೆ, ‘ಈ ಕಡೆ ತಿರುಗಮ್ಮ, ನೀನು ನಮ್ಮಮ್ಮ’ ಅಂತ ಅಳೋನು. ಕೆಲಸದೋಳು ಅಂತ ಅವನೇ ಹೇಳಿದ್ದಲ್ವಾ... ಯಜಮಾನನ ಎದುರಿಗೆ ಹೆಂಗೆ ತಿರುಗ್ತಾಳೆ? ಅವನು ಸಾಯೋವರೆಗೂ ಬೆನ್ನೇ ನೋಡಿದ.”

ಅಜ್ಜಿ ಒಲೆಯ ಬೂದಿ ಕೆದಕಿದಳು. “ಅದಿರ್ಲಿ. ಬೆಳಿಗ್ಗೆ ಹೊರಗಡೆಯಿಂದ ನೋಡಿದಾಗ ನಿಂಗೆ ಆ ಕಿಟಕೀಲಿ ಏನು ಕಾಣಿಸ್ತು?”

“ಯಾರೋ ಅಜ್ಜಿ ಬೆನ್ನು ಮಾಡಿ ನಿಂತಿದ್ರು. ಅದಕ್ಕೇ ನಿಜವಾದ ಕಿಟಕಿ ಅಂದ್ಕೊಂಡೆ...”

ಉಳಿದ ಹುಡುಗಿಯರು ಒಬ್ಬರನ್ನೊಬ್ಬರು ನೋಡಿದರು.

“ಇಷ್ಟು ವರ್ಷದಿಂದ ಇದ್ದೀನಿ, ನಂಗೆ ಕಾಣೋದು ಬರೀ ಪರದೆ,” ಎಂದಳು ಅಜ್ಜಿ ಮೆಲ್ಲಗೆ. “ಇವರಿಗೂ ಅಷ್ಟೆ. ಹೆಟ್ಟಿ, ನಿನ್ನ ಪೆಟ್ಟಿಗೆ ಹೊತ್ಕೊಂಡು ಗೇಟಿನವರೆಗೆ ಬಂದಿದ್ದ ಆ ಹರಕು ಶಾಲಿನ ಹೆಂಗಸು... ದಾರೀಲಿ ಸಿಕ್ಕೋರು ಅಂದ್ಯಲ್ಲ, ಯಾರೇ ಅವರು?”

ಹೆಟ್ಟಿ ಎದ್ದು ನಿಂತಳು. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು.